ಬೊಕ್ಕ?: ಮಕ್ಕಳ ಹಸ್ತಪ್ರತಿ ಓದುವವರ ಕಡೆಯಿಂದ ಕೆಲವು ಮಾತು

(ಉಡುಪಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಮಕ್ಕಳ ಪುಸ್ತಕಗಳ ಏಜೆಂಟ್’ ಎಂದು ಅಚ್ಚಾಗಿದೆ. ಕಾಪುವಿನಲ್ಲಿ ನಮ್ಮ ನೆರೆಮನೆಯವರು ಅದನ್ನು ಓದಿ ಕೇಳಿದ್ದು ಒಂದೇ ಮಾತು: “ಕಮಿಷನ್ ಎಷ್ಟು ಟೀಚರೇ?”

ಅವರ ತಪ್ಪಲ್ಲ. ನಮ್ಮ ಕಡೆ ಏಜೆಂಟ್ ಎಂದರೆ ಎಲ್‌ಐಸಿ ಏಜೆಂಟ್, ಇಲ್ಲವೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಕಾರ್ಕಳ ಕಾರ್ಕಳ’ ಎಂದು ಗಂಟಲು ಹರಿದುಕೊಳ್ಳುವ ಬಸ್ ಏಜೆಂಟ್. ಇವರಿಗಿಂತ ಹೆಚ್ಚು ನಮ್ಮ ಮನೆಗಳ ಒಳಗೆ ಬಂದವರು ಪಿಗ್ಮಿ ಏಜೆಂಟರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ ಉಳಿಸುವವರ ಬಾಗಿಲಿಗೂ ಬ್ಯಾಂಕಿನ ಮನುಷ್ಯ ಬರುತ್ತಿದ್ದ. ಎರಡಾಣೆಯವರು ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಾರೆ, ಆದ್ದರಿಂದ ಬ್ಯಾಂಕೇ ಅವರ ಜಗಲಿಗೆ ಹೋಗಬೇಕು ಎಂಬುದು ಅದರ ಲೆಕ್ಕಾಚಾರ. ನನ್ನ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈ ಪಿಗ್ಮಿಯವರನ್ನೇ ತೋರಿಸುತ್ತೇನೆ. ಬರೆದು ಪೆಟ್ಟಿಗೆಯಲ್ಲಿಟ್ಟವರಿಂದ ಹಸ್ತಪ್ರತಿ ಪಡೆಯುತ್ತೇನೆ, ಓದುತ್ತೇನೆ, ತಿದ್ದಲು ಹೇಳುತ್ತೇನೆ, ಆಗುವಂಥದ್ದಾದರೆ ಪ್ರಕಾಶಕರ ಹತ್ತಿರ ಒಯ್ಯುತ್ತೇನೆ.

ಕಮಿಷನ್ನಿನ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. ಇಂಗ್ಲೆಂಡ್, ಅಮೆರಿಕಗಳಲ್ಲಿ ಸಾಹಿತ್ಯದ ಏಜೆಂಟ್ ಎಂಬುದು ಪೂರ್ಣಾವಧಿ ವೃತ್ತಿ. ಬರಹಗಾರರ ಗಳಿಕೆಯಲ್ಲಿ ನೂರಕ್ಕೆ 15 ಅವರಿಗೆ ಸಲ್ಲುವುದು ರೂಢಿ. ಅದನ್ನೇ ಇಲ್ಲಿಗೆ ತಂದು ನೋಡಿ. ನೂರು ರೂಪಾಯಿಯ ಮಕ್ಕಳ ಪುಸ್ತಕ, ಸಾವಿರ ಪ್ರತಿ. ಅಷ್ಟೂ ಮಾರಿತು ಎಂದೇ ಇಟ್ಟುಕೊಳ್ಳಿ. ನೂರಕ್ಕೆ ಹತ್ತು ಗೌರವಧನವೆಂದರೆ ಲೇಖಕರಿಗೆ 10,000 ರೂಪಾಯಿ. ಅದರಲ್ಲಿ ಏಜೆಂಟರ ಪಾಲು 1,500. ಉಡುಪಿಯಿಂದ ಬೆಂಗಳೂರಿಗೆ ಒಮ್ಮೆ ಸ್ಲೀಪರ್ ಬಸ್ಸಿನಲ್ಲಿ ಹೋಗಿಬರುವುದರೊಳಗೆ ಅದು ಕರಗಿಹೋಗುತ್ತದೆ. ಕನ್ನಡದಲ್ಲಿ ಇದು ವೃತ್ತಿಯಾಗಿ ಬೆಳೆಯದೆ ಇರಲು ಬೇರೆ ಕಾರಣ ಹುಡುಕಬೇಕಾಗಿಲ್ಲ. ಇಲ್ಲಿ ಆ ಕೆಲಸವನ್ನು ಸಂಪಾದಕರು, ಪ್ರಕಾಶಕರ ಸ್ನೇಹಿತರು, ನನ್ನಂಥ ನಿವೃತ್ತ ಮೇಷ್ಟ್ರು ಟೀಚರುಗಳು ಹಂಚಿಕೊಂಡಿದ್ದೇವೆ. ನನಗೆ ಪಿಂಚಣಿ ಇದೆ. ಹಾಗಾಗಿ ಈ ಚಟ ನಡೆಯುತ್ತದೆ.

ಹಸ್ತಪ್ರತಿ ಕಳಿಸುವುದು ಎಂಬ ವಿಷಯ ಬಂದಾಗ ಈ ಜಿಲ್ಲೆಯಲ್ಲಿ ನಿಂತು ಒಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಇದೇ ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ. ಅವರು ತಮ್ಮ ಕೃತಿಗಳನ್ನು ಮೈಸೂರಿನ ‘ಕಾವ್ಯಮಂಜರಿ’ಯವರಿಗೆ ಕಳಿಸಿದ್ದು ತಮ್ಮದೆಂದು ಅಲ್ಲ, ಯಾವುದೋ ಹಳೆಯ ಕಾಲದ ಗ್ರಂಥ ಸಿಕ್ಕಿತು ಎಂಬಂತೆ. ಉಡುಪಿಯ ಡ್ರಿಲ್ ಮೇಷ್ಟ್ರು ಬರೆದದ್ದು ಎಂದರೆ ದೊಡ್ಡವರು ಬಿಡಿಸಿ ನೋಡುತ್ತಾರೋ ಇಲ್ಲವೋ ಎಂಬ ಸಂಕೋಚವಿತ್ತೇನೋ. ಅದು ನನ್ನ ಊಹೆ. ಅಚ್ಚಂತೂ ಆಯಿತು. ಆದರೆ 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯದಿಂದ ಅವರು ತೀರಿಕೊಂಡರು. ನಮ್ಮ ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದೂ ಅದೇ ವರ್ಷ. ಬರೆದವರು ಅವರೇ ಎಂದು ಲೋಕ ಒಪ್ಪಿದ್ದು ಆಮೇಲೆ.

ಹೆಸರಿನ ಭಾರ ನೋಡಿ ಹಸ್ತಪ್ರತಿ ತೂಗುವ ಅಭ್ಯಾಸ ಎಷ್ಟು ಹಳತು ಎಂಬುದಕ್ಕೆ ಮಾತ್ರ ನಾನು ಮುದ್ದಣನನ್ನು ತಂದದ್ದಲ್ಲ. ನನಗೆ ಬೇಕಾಗಿರುವುದು ಅವನಲ್ಲ, ಅವಳು. ಮನೋರಮೆ.

ಮುದ್ದಣನ ‘ಶ್ರೀರಾಮಾಶ್ವಮೇಧ’ವನ್ನು ಕಾಲೇಜಿನಲ್ಲಿ ಓದಿದವರಿಗೆ ನೆನಪಿರುತ್ತದೆ. ಮಳೆಗಾಲ. ಗಂಡ ಮನೆಗೆ ಬಂದಿದ್ದಾನೆ. ಹೊತ್ತು ಹೋಗಲು ಒಂದು ಕಥೆ ಬೇಕು ಎನ್ನುತ್ತಾಳೆ ಹೆಂಡತಿ. ಅವನು ಒಂದೊಂದೇ ಕಥೆ ಮುಂದಿಟ್ಟರೆ ಅದು ಬೇಡ, ಇದು ಬೇಡ ಎನ್ನುತ್ತಾಳೆ. ಪದ್ಯ ಬೇಡ, ಗದ್ಯವಾಗಲಿ ಎನ್ನುತ್ತಾಳೆ. ಅವನು ಸಂಸ್ಕೃತದಲ್ಲಿ ಶುರು ಮಾಡಿದರೆ ತಡೆದು ನಿಲ್ಲಿಸಿ ಕನ್ನಡಕ್ಕೆ ಎಳೆಯುತ್ತಾಳೆ. ಕಥೆಯ ನಡುನಡುವೆ ಬಾಯಿ ಹಾಕುತ್ತಾಳೆ, ಕೀಟಲೆ ಮಾಡುತ್ತಾಳೆ, ಮುನಿಯುತ್ತಾಳೆ. ರಾಮನ ಕುದುರೆ ಎಲ್ಲಿಗೆ ಹೋಯಿತು ಎಂಬುದನ್ನು ನಾನು ಮರೆತಿರಬಹುದು. ಮನೋರಮೆಯನ್ನು ಮರೆತಿಲ್ಲ. ಆ ಪುಸ್ತಕ ಮಕ್ಕಳಿಗಾಗಿ ಬರೆದದ್ದಲ್ಲ, ನಿಜ. ಆದರೆ ಮಕ್ಕಳಿಗೆ ಬರೆಯುವವರು ಕಲಿಯಬೇಕಾದ ಮೊದಲ ಪಾಠ ಅದರಲ್ಲಿದೆ: ಕೇಳುವವಳಿಗೆ ಬಾಯಿ ಇದೆ.

ಹಸ್ತಪ್ರತಿ ಕೈಗೆ ಬಂದಾಗ ನಾನು ಹುಡುಕುವುದು ಇದನ್ನೇ. ಇದರೊಳಗೆ ಮನೋರಮೆ ಇದ್ದಾಳೆಯೇ? ನಡುವೆ ಬಾಯಿ ಹಾಕುವ ಮಗುವಿಗೆ ಇದರಲ್ಲಿ ಜಾಗ ಇದೆಯೇ, ಅಥವಾ ಲೇಖಕರೊಬ್ಬರೇ ಮೈಕು ಹಿಡಿದಿದ್ದಾರೆಯೇ? ನಮ್ಮ ಶಾಲೆಯಲ್ಲಿ ಕಥೆ ಹೇಳುವಾಗ ನಾನು ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ತುಳು ಮಾತಾಡುವ ಮಕ್ಕಳು “ಬೊಕ್ಕ?” ಎನ್ನುತ್ತಿದ್ದರು. ಆಮೇಲೆ? ಕುಂದಾಪುರದ ಕಡೆಯಿಂದ ಬಂದಿದ್ದ ಹುಡುಗಿಯೊಬ್ಬಳು “ಮತ್ತೆಂತ ಆಯ್ತ್?” ಎನ್ನುತ್ತಿದ್ದಳು. ‘ಬೊಕ್ಕ’ ಬಾರದ ಕಡೆ ಕಥೆ ಸತ್ತಿದೆ ಎಂದು ಅರ್ಥ. ಮೂವತ್ತು ವರ್ಷದ ಪಾಠದಲ್ಲಿ ನಾನು ಕಲಿತ ವಿಮರ್ಶೆ ಇಷ್ಟೇ. ಈಗಲೂ ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ‘ಬೊ’ ಎಂದು ಗುರುತು ಹಾಕುತ್ತಾ ಹೋಗುತ್ತೇನೆ. ನಾಲ್ಕು ಪುಟ ಕಳೆದರೂ ಒಂದೂ ‘ಬೊ’ ಬೀಳದಿದ್ದರೆ ಐದನೆಯದನ್ನು ಓದುವುದು ಮರ್ಯಾದೆಗಾಗಿ ಮಾತ್ರ.

ಇದು ನನ್ನೊಬ್ಬಳ ಹುಚ್ಚು ಎಂದುಕೊಳ್ಳಬೇಡಿ. 1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್, ‘ಹಾಬಿಟ್’ ಎಂಬ ಹಸ್ತಪ್ರತಿಯನ್ನು ಓದಲು ಕೊಟ್ಟದ್ದು ತನ್ನ ಹತ್ತು ವರ್ಷದ ಮಗನಿಗೆ. ವರದಿ ಬರೆದುಕೊಟ್ಟ ಹುಡುಗನಿಗೆ ಸಿಕ್ಕ ಸಂಬಳ ಒಂದು ಶಿಲ್ಲಿಂಗ್. ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಒಂದರ ಹಿಂದೊಂದು ಪ್ರಕಾಶಕರ ಬಾಗಿಲಿನಿಂದ ವಾಪಸಾದ ಮೇಲೆ ಬ್ಲೂಮ್ಸ್‌ಬರಿಗೆ ಬಂತು. ಅಲ್ಲಿನ ಯಜಮಾನ ಮೊದಲ ಅಧ್ಯಾಯವನ್ನು ಎಂಟು ವರ್ಷದ ಮಗಳ ಕೈಗೆ ಕೊಟ್ಟ. ಅವಳು ಓದಿ ಮುಗಿಸಿ ಉಳಿದದ್ದೆಲ್ಲಿ ಎಂದು ಕೇಳಿದಳು. ಅವಳಿಗೆ ತುಳು ಬರುತ್ತಿರಲಿಲ್ಲ, ಅಷ್ಟೇ.

ಇನ್ನು ನನ್ನ ಮೇಜಿಗೆ ಬರುವುದೇನು ಎಂದು ಹೇಳುತ್ತೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಸಭೆಯಲ್ಲಿ ಕೆಲವರು ಆಗಲೇ ಕುರ್ಚಿಯಲ್ಲಿ ಸರಿದು ಕೂತದ್ದು ಕಾಣುತ್ತಿದೆ.

ಹೆಚ್ಚಿನ ಹಸ್ತಪ್ರತಿಗಳಲ್ಲಿ ಕಥೆಗಿಂತ ಮೊದಲೇ ಮುನ್ನುಡಿ ಸಿದ್ಧವಾಗಿರುತ್ತದೆ. ಬೆನ್ನುಡಿಯೂ. ಅರ್ಪಣೆ, ಕೃತಜ್ಞತೆ, ಲೇಖಕರು ಪಡೆದ ಸನ್ಮಾನಗಳ ಪಟ್ಟಿ. ಅವನ್ನೆಲ್ಲ ದಾಟಿ ಕಥೆಗೆ ಬಂದರೆ ಅಲ್ಲೂ ಪೂರ್ವರಂಗವೇ. ‘ಒಂದಾನೊಂದು ಊರು. ಆ ಊರು ಬಹಳ ಸುಂದರವಾಗಿತ್ತು. ಸುತ್ತಲೂ ಹಸಿರು ಬೆಟ್ಟಗಳು, ಜುಳುಜುಳು ಹರಿಯುವ ನದಿ.’ ಯಕ್ಷಗಾನದ ಆಟಕ್ಕೆ ಹೋಗುತ್ತಿದ್ದ ನಮಗೆ ಗೊತ್ತು: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಮುಗಿದು ಪ್ರಸಂಗಕ್ಕೆ ಬರುವ ಹೊತ್ತಿಗೆ ಚಾಪೆಯ ಮೇಲಿನ ಮಕ್ಕಳು ನಿದ್ದೆ ಹೋಗಿರುತ್ತಿದ್ದರು. ಅದು ರಾತ್ರಿಯಿಡೀ ನಡೆಯುವ ಆಟ, ಅದಕ್ಕೆ ಪೂರ್ವರಂಗದ ಹಕ್ಕಿತ್ತು. ಈಗ ಅಲ್ಲೂ ಕಾಲಮಿತಿ ಬಂದಿದೆ. ಮೂವತ್ತೆರಡು ಪುಟದ ಪುಸ್ತಕಕ್ಕೆ ಮೂರು ಪುಟದ ಪೂರ್ವರಂಗ ಯಾತಕ್ಕೆ? ನಾನು ಮಾಡುವ ಒಂದು ಕೆಲಸವನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಮೊದಲ ಪುಟವನ್ನು ಬೆರಳಿನಿಂದ ಮುಚ್ಚಿ ಎರಡನೆಯದರಿಂದ ಓದಿ. ಹೆಚ್ಚಿನ ಸಲ ಏನೂ ಕಳೆದುಹೋಗಿರುವುದಿಲ್ಲ.

ನೀತಿಯ ವಿಷಯ ಬಂದರೆ ನನಗೆ ತುಸು ಸಿಟ್ಟೇ ಬರುತ್ತದೆ. ಬರುವ ಕಥೆಗಳಲ್ಲಿ ಅರ್ಧಕ್ಕರ್ಧ, ಕೊನೆಯಲ್ಲಿ ಅಜ್ಜ ಬಂದು ಬುದ್ಧಿ ಹೇಳಿಯೇ ಮುಗಿಯುತ್ತವೆ. ಹುಡುಗ ಮೊಬೈಲ್ ಹಿಡಿಯುತ್ತಾನೆ, ಕಣ್ಣು ನೋವು ಬರುತ್ತದೆ, ಅಜ್ಜ ಬುದ್ಧಿ ಹೇಳುತ್ತಾರೆ, ಹುಡುಗ ಮೊಬೈಲ್ ಬಿಟ್ಟು ತೋಟಕ್ಕೆ ಹೋಗುತ್ತಾನೆ. ಇಂಥದ್ದನ್ನು ನಾನು ಎಷ್ಟು ಓದಿದ್ದೇನೋ ಲೆಕ್ಕವಿಲ್ಲ. ಹುಡುಗರ ಹೆಸರು ಮಾತ್ರ ಬದಲು. ಅದನ್ನು ವಾಟ್ಸಾಪಿನಲ್ಲಿ ನನಗೆ ಕಳಿಸುವ ಲೇಖಕರು ರಾತ್ರಿ ಹನ್ನೆರಡಕ್ಕೂ ಆನ್‌ಲೈನಿನಲ್ಲಿ ಇರುತ್ತಾರೆ! ಬುದ್ಧಿ ಹೇಳಬಾರದು ಎಂದಲ್ಲ. ಆದರೆ ಬುದ್ಧಿ ಹೇಳುವವರು ಕಥೆಯಲ್ಲಿ ಒಮ್ಮೆಯಾದರೂ ಎಡವಲಿ. ಅಜ್ಜನೇ ಮೊಬೈಲಿನಲ್ಲಿ ಮುಳುಗಿ ಗಂಜಿ ಸೀದುಹೋಗಲಿ. ಆಗ ನಾನು ‘ಬೊ’ ಹಾಕುತ್ತೇನೆ.

ಪಂಜೆ ಮಂಗೇಶರಾಯರು ಶಾಲೆಗಳ ಇನ್‌ಸ್ಪೆಕ್ಟರಾಗಿದ್ದವರು. ಬುದ್ಧಿ ಹೇಳುವುದು ಸರಕಾರ ಅವರಿಗೆ ಕೊಟ್ಟ ಕೆಲಸವೇ ಆಗಿತ್ತು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ, ಮನೆಯಲ್ಲಿ ಕೊಂಕಣಿ ಮಾತಾಡುತ್ತಿದ್ದ ಈ ಮನುಷ್ಯ, ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆಯುತ್ತಾ, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳನ್ನು ತಂದರು. ಅವರ ಕಥೆಗಳ ಹೆಸರನ್ನೇ ಕೇಳಿ: ‘ಇಲಿಗಳ ಥಕಥೈ’, ‘ಗುಡುಗುಡು ಗುಮ್ಮಟ ದೇವರು’, ‘ಸಿಗಡಿ ಯಾಕೆ ಒಣಗಲಿಲ್ಲ?’ ಇಲಿಗಳ ಕಥೆಯ ಮೂಲ ಜರ್ಮನಿಯ ಹ್ಯಾಮೆಲಿನ್ ಊರಿನ ಕಿಂದರಿಜೋಗಿ. ಆದರೆ ಪಂಜೆಯವರ ಇಲಿಗಳು ಕುಣಿಯುವುದು ನಮ್ಮ ತಾಳಕ್ಕೆ.

ಸಿಗಡಿಯ ಕಥೆಯ ಬಳಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನು ಕಡಲ ಬದಿಯವಳು. ಸಿಗಡಿ ಒಣಗಲು ಹಾಕಿದ್ದಾರೆ, ಒಣಗಿಲ್ಲ. ಯಾಕೆ ಒಣಗಲಿಲ್ಲ ಎಂದು ಕೇಳಿದರೆ ಅದು ಇನ್ನೊಬ್ಬರ ಕಡೆ ಬೆರಳು ತೋರುತ್ತದೆ. ಅವರು ಮತ್ತೊಬ್ಬರ ಕಡೆ. ಹೀಗೆ ಕಥೆಯೆಲ್ಲ ‘ಯಾಕೆ’ಗಳ ಸರಪಣಿ. ಗೋದಾವರಿಯ ಕಡೆಯ ತೆಲುಗಿನವರೂ ಏಳು ಮೀನುಗಳ ಕಥೆಯಾಗಿ ಇದನ್ನು ಹೇಳುತ್ತಾರೆ. ಅದು ಜನಪದದ ಆಸ್ತಿ. ಪಂಜೆಯವರ ಜಾಣತನ ಎಲ್ಲಿದೆಯೆಂದರೆ, ಮಗು ಕೇಳಬೇಕಾದ ಪ್ರಶ್ನೆಯನ್ನೇ ಹೆಸರಾಗಿ ಹೊರಗೆ ಅಂಟಿಸಿದರು. ಪುಸ್ತಕ ತೆರೆಯುವ ಮೊದಲೇ ಮಗು ಬಾಯಿ ಹಾಕಿ ಆಗಿದೆ. ಇನ್ನೊಂದು ಮಾತು. ಸಿಗಡಿ ಒಣಗಿಸುವ ಅಂಗಳದ ವಾಸನೆ ಗೊತ್ತಿರುವ ಮಕ್ಕಳು ಆ ಕಾಲದ ಕನ್ನಡ ಪುಸ್ತಕದಲ್ಲಿ ಎಷ್ಟಿದ್ದರು? ಈಗಲೂ ನನಗೆ ಬರುವ ಹಸ್ತಪ್ರತಿಗಳಲ್ಲಿ ನರಿ, ಮೊಲ, ಸಿಂಹ ಧಾರಾಳವಾಗಿವೆ. ಸಿಂಹವನ್ನು ಇಲ್ಲಿನ ಮಕ್ಕಳು ಪಿಲಿಕುಳದ ಪಂಜರದಲ್ಲಿ ನೋಡಿರಬಹುದು. ಬೂತಾಯಿ, ಬಂಗುಡೆ, ಏಡಿ, ಕೇರೆಹಾವು, ಮುಂಗುಸಿ, ಮನೆಯ ಹಂಚಿನ ಮೇಲೆ ಬಂದು ಕೂರುವ ನವಿಲು ಇವು ಕಥೆಗೆ ಬರುವುದೇ ಅಪರೂಪ. ಅದಕ್ಕೇ ಕುಂದಾಪುರದ ಕಡೆಯ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ 2023ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಾಗ ನನಗೆ ಖುಷಿಯಾಯಿತು. ಹೂವಿನ ಮೇಲೆ ತಲೆಕೆಳಗಾಗಿ ತೂಗುವ ಆ ಪುಟ್ಟ ಹಕ್ಕಿಯ ಹೆಸರು ಮುಖಪುಟಕ್ಕೆ ಬಂದದ್ದು ನೋಡಿಯೇ.

ಭಾಷೆಯ ಮಾತು ಕಷ್ಟದ್ದು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಮನೆಯ ಮಾತಲ್ಲ. ತುಳು, ಕೊಂಕಣಿ, ಬ್ಯಾರಿ, ಈಗ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳ ಹಿಂದಿ, ಉತ್ತರ ಕರ್ನಾಟಕದ ಬೇರೆಯೇ ಕನ್ನಡ. ಅವರಿಗೆ ಕನ್ನಡ ಬರುವುದು ಪುಸ್ತಕದಿಂದ. ಹಾಗಾಗಿ ನಮ್ಮವರು ಬರೆಯುವಾಗ ಮಕ್ಕಳ ಬಾಯಿಯಲ್ಲೂ ಪುಸ್ತಕದ ಕನ್ನಡವನ್ನೇ ಹಾಕುತ್ತಾರೆ. ಕಾಪುವಿನ ಹುಡುಗನೊಬ್ಬ ಗೆಳೆಯನಿಗೆ ‘ನಾವು ಈಗ ಕಡಲತೀರಕ್ಕೆ ತೆರಳೋಣವೇ?’ ಎಂದು ಕೇಳಿದ್ದನ್ನು ಓದಿ ನನಗೆ ನಗು ತಡೆಯಲಿಲ್ಲ. ಇದನ್ನು ಹೇಳಿದರೆ ಮುಂದಿನ ಸಲ ಅವರೇ ‘ಬಾರೋ ಮಗಾ, ಬೀಚ್‌ಗೆ ಹೋಗ್ಬಿಟ್ಟು ಬರೋಣ’ ಎಂದು ಬೆಂಗಳೂರಿನ ಸಿನಿಮಾ ಕನ್ನಡ ತರುತ್ತಾರೆ. ಎರಡೂ ನಮ್ಮ ಹುಡುಗನಲ್ಲ. ‘ಹೋಗುವನಾ ಮಾರಾಯ?’ ಎಂದರೆ ಮುಗಿಯಿತಲ್ಲ. ಬೀದರಿನ ಮಗುವಿಗೆ ‘ಮಾರಾಯ’ ಅರ್ಥವಾದೀತೇ ಎಂದು ಪ್ರಕಾಶಕರು ಕೇಳುತ್ತಾರೆ. ಆಗುತ್ತದೆ. ಒಂದು ಪುಟದಲ್ಲಿ ಎರಡು ಸಲ ಬಂದರೆ ಮಗು ಮೂರನೆಯ ಸಲಕ್ಕೆ ತಾನೇ ಬಳಸುತ್ತದೆ. ಅರ್ಥಕೋಶ ಬೇಡ, ಕಂಸದೊಳಗಿನ ವಿವರಣೆಯೂ ಬೇಡ.

ಪ್ರಾಸದ ಹಾಡುಗಳು ಮೂಟೆಗಟ್ಟಲೆ ಬರುತ್ತವೆ. ಬಂತು-ನಿಂತು-ತಿಂತು. ಅವನ್ನು ಕಳಿಸುವವರಿಗೆಲ್ಲ ನಾನು ಕೊಡುವ ಸಲಹೆ ಒಂದೇ: ಬೊಳುವಾರು ಮಹಮದ್ ಕುಂಞಿ ಅವರು ಸಂಪಾದಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ವನ್ನು ಎದುರಿಗಿಟ್ಟುಕೊಂಡು ಜೋರಾಗಿ ಓದಿ, ಆಮೇಲೆ ನಿಮ್ಮದನ್ನು ಓದಿ. ನಾಲಿಗೆ ಎಲ್ಲಿ ತಡವರಿಸುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಬೊಳುವಾರರೂ ಸಿಂಡಿಕೇಟ್ ಬ್ಯಾಂಕಿನಲ್ಲಿದ್ದವರು, ಪಿಗ್ಮಿಯ ಮನೆಯವರೇ ಅನ್ನಿ. ಕನ್ನಡದ ಮಕ್ಕಳ ಪದ್ಯಗಳನ್ನು ಹೆಕ್ಕಿ ಒಂದು ಕಡೆ ಇಟ್ಟ ಆ ಕೆಲಸ ಹತ್ತು ವಿಮರ್ಶಾ ಗ್ರಂಥಗಳಿಗಿಂತ ಉಪಕಾರದ್ದು. ಮುಂದೆ 2010ರಲ್ಲಿ ಅಕಾಡೆಮಿ ಬಾಲಸಾಹಿತ್ಯ ಪುರಸ್ಕಾರ ಶುರು ಮಾಡಿದಾಗ ಕನ್ನಡಕ್ಕೆ ಸಂದ ಮೊದಲನೆಯದು ಅವರ ಗಾಂಧಿಯ ಪುಸ್ತಕಕ್ಕೆ. ಆ ಗಾಂಧಿ ಶುರುವಾಗುವುದು ಪಾಪುವಾಗಿ.

ಜೋರಾಗಿ ಓದುವುದು ಎಂದೆನಲ್ಲ, ಮಣಿಪಾಲದ ವೈದೇಹಿಯವರನ್ನು ನೆನೆಯಬೇಕು. ‘ದಾಂ ದೂಂ ಸುಂಟರಗಾಳಿ’, ‘ನಾಯಿಮರಿ ನಾಟಕ’, ‘ಗೊಂಬೆ ಮ್ಯಾಕ್‌ಬೆತ್’ ಇಂಥ ಮಕ್ಕಳ ನಾಟಕಗಳನ್ನು ಬರೆದವರು. ನಾಟಕಕ್ಕಿರುವ ಅದೃಷ್ಟ ಕಥೆಗಿಲ್ಲ. ಆಡುವ ಮಕ್ಕಳೇ ರಿಹರ್ಸಲಿನಲ್ಲಿ ಮಾತನ್ನು ತಿದ್ದಿಬಿಡುತ್ತಾರೆ; ಬಾಯಿಗೆ ಬಾರದ ಮಾತನ್ನು ಅವರು ಹೇಳುವುದೇ ಇಲ್ಲ. ಕಥೆ ಬರೆಯುವವರು ಆ ರಿಹರ್ಸಲನ್ನು ತಾವೇ ಏರ್ಪಡಿಸಿಕೊಳ್ಳಬೇಕು. ‘ನನ್ನ ಮೊಮ್ಮಗಳಿಗೆ ತುಂಬಾ ಇಷ್ಟವಾಯಿತು’ ಎಂದು ಪತ್ರದಲ್ಲಿ ಬರೆಯುತ್ತಾರೆ. ಮೊಮ್ಮಕ್ಕಳು ಸಾಕ್ಷಿಯಾಗಿ ನಡೆಯುವುದಿಲ್ಲ, ಅವರಿಗೆ ಐಸ್‌ಕ್ರೀಮಿನ ಆಸೆ ಇರುತ್ತದೆ. ಗುರುತಿಲ್ಲದ ಮಕ್ಕಳ ಮುಂದೆ ಓದಿ. ಅವರು ಎದ್ದು ನೀರು ಕುಡಿಯಲು ಹೋದ ಸಾಲಿಗೆ ಗುರುತು ಹಾಕಿ.

ಚಿತ್ರಪುಸ್ತಕದ ಲೆಕ್ಕ ಬೇರೆ. ಮಣಿಪಾಲದಲ್ಲಿ 1941ರಿಂದ ದೊಡ್ಡ ಮುದ್ರಣಾಲಯವಿರುವ ಈ ಊರಿನವರಿಗೆ ‘ಫಾರಂ’ ಎಂದರೇನೆಂದು ಹೇಳಬೇಕಾಗಿಲ್ಲ. ದೊಡ್ಡ ಹಾಳೆ ಮಡಚಿದರೆ ಹದಿನಾರು ಪುಟ, ಎರಡು ಫಾರಮ್ಮಿಗೆ ಮೂವತ್ತೆರಡು. ಲೋಕವಿಡೀ ಚಿತ್ರಪುಸ್ತಕಗಳು ಮೂವತ್ತೆರಡು ಪುಟಕ್ಕೆ ನಿಂತದ್ದು ಈ ಮಡಿಕೆಯಿಂದ, ಯಾವ ಮನಶ್ಶಾಸ್ತ್ರದಿಂದಲೂ ಅಲ್ಲ. ಅದರಲ್ಲಿ ಮಾತಿಗೆ ಜಾಗ ಕಡಿಮೆ. ಐದುನೂರು ಪದ ಧಾರಾಳವಾಯಿತು. ಆದರೆ ನಮ್ಮವರು ಚಿತ್ರಕಾರರ ಕೆಲಸವನ್ನೂ ತಾವೇ ಮಾಡಿ ಕಳಿಸುತ್ತಾರೆ: ‘ಕೆಂಪು ಲಂಗ ತೊಟ್ಟು, ಎರಡು ಜಡೆ ಹಾಕಿ, ಮಲ್ಲಿಗೆ ಮುಡಿದಿದ್ದ ಪುಟ್ಟಿ ಮಾವಿನಮರದ ಕೆಳಗೆ ನಿಂತಿದ್ದಳು.’ ಇಷ್ಟನ್ನೂ ಚಿತ್ರ ಒಂದೇ ನೋಟಕ್ಕೆ ಹೇಳುತ್ತದೆ. ಚಿತ್ರ ಹೇಳಲಾಗದ್ದು, ಪುಟ್ಟಿ ಅಲ್ಲಿ ನಿಂತದ್ದು ಯಾಕೆ ಎಂಬುದು. ಅದನ್ನು ಬರೆಯಿರಿ. ಇಂಥ ಪುಸ್ತಕಗಳು ಕನ್ನಡದಲ್ಲಿ ಏಕೆ ಕಡಿಮೆ ಎಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಗ್ರಂಥಾಲಯಗಳ ಸಗಟು ಖರೀದಿ ಪುಟದ ಲೆಕ್ಕದಲ್ಲಿ ನಡೆಯುತ್ತದೆ. ಹದಿನಾರು ಬಣ್ಣದ ಪುಟಕ್ಕೆ ಎಷ್ಟು ಬೆವರು ಹರಿದರೂ ಅದು ಹದಿನಾರು ಪುಟವೇ. ಹಾಗಾಗಿ ಪ್ರಕಾಶಕರು ದಪ್ಪದ್ದನ್ನು ಕೇಳುತ್ತಾರೆ, ಲೇಖಕರು ಬೆಳೆಸುತ್ತಾರೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಈ ಜಾಲದಿಂದ ಹೊರಗೆ ನಿಂತು ತೆಳ್ಳನೆಯ, ಅಗ್ಗದ ಚಿತ್ರಪುಸ್ತಕಗಳನ್ನು ಕನ್ನಡಕ್ಕೂ ತಂದಿತು. 2015ರಿಂದ ‘ಸ್ಟೋರಿವೀವರ್’ನಲ್ಲಿ ಅವನ್ನು ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು. ಕಳಿಸುವ ಮೊದಲು ಅಲ್ಲಿ ಇಪ್ಪತ್ತು ಪುಸ್ತಕ ಓದಿ ಬನ್ನಿ ಎಂದು ನಾನು ಹೇಳುತ್ತೇನೆ. ಓದಿ ಬಂದವರು ಕೆಲವರೇ.

ಕಾರ್ಕಳಕ್ಕೆ ಮತ್ತೆ ಹೋಗಬೇಕು. ಕಳಿಸಿದವರ ಕಥೆ ಹೇಳಿದೆ. ಪಡೆದುಕೊಂಡವರ ಕಥೆಯೂ ಅದೇ ಊರಿನದು. ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಎರಡು ವರ್ಷದ ಹೊತ್ತಿಗೆ ತಂದೆತಾಯಿ ಇಬ್ಬರೂ ಇಲ್ಲವಾದರು. ಹನ್ನೆರಡರ ಹರೆಯಕ್ಕೆ ಹುಡುಗ ಮುಂಬಯಿ ಸೇರಿದ. ಓದಿದ್ದು ರಸಾಯನಶಾಸ್ತ್ರದ ತಂತ್ರಜ್ಞಾನ, ತಲೆಯಲ್ಲಿದ್ದದ್ದು ಪುಸ್ತಕ. 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ತೆಗೆದು ಕೈಸುಟ್ಟುಕೊಂಡರು. 1967ರಲ್ಲಿ ಇಂಡಿಯಾ ಬುಕ್ ಹೌಸ್ ಮೂಲಕ ಅಮರ ಚಿತ್ರಕಥೆಯ ‘ಕೃಷ್ಣ’ ಬಂತು. ಅದರ ಸಂಖ್ಯೆ ಒಂದಲ್ಲ, ಹನ್ನೊಂದು. ಮೊದಲ ಹತ್ತು ಪಶ್ಚಿಮದ ಕಿನ್ನರ ಕಥೆಗಳು. ಅಮರ ಚಿತ್ರಕಥೆ ಎಂಬ ಹೆಸರಿನಲ್ಲಿ 1965ರಲ್ಲೇ ಮೊದಲು ಕನ್ನಡದಲ್ಲಿ ಅವನ್ನು ತಂದವರು ಬೆಂಗಳೂರಿನ ಜಿ.ಕೆ. ಅನಂತರಾಮ್. ಕನ್ನಡದ ಈ ಪಾಲನ್ನು ನಾವು ಜೋರಾಗಿ ಹೇಳಿಕೊಳ್ಳುವುದು ಕಡಿಮೆ, ಇರಲಿ.

ನನಗೆ ಅಮರ ಚಿತ್ರಕಥೆಗಿಂತ ಹತ್ತಿರವಾದದ್ದು ಪೈಯವರು 1980ರಲ್ಲಿ ತಂದ ‘ಟಿಂಕಲ್’. ಯಾಕೆಂದರೆ ಅಲ್ಲಿ ಕಾಗದ ಬರೆಯುವವರು ಮಕ್ಕಳಾಗಿದ್ದರು. ಓದುಗರು ತಮಗೆ ಗೊತ್ತಿರುವ ಕಥೆಯನ್ನು ಬರೆದು ಕಳಿಸುತ್ತಿದ್ದರು. ಇವರು ಆರಿಸಿ, ಚಿತ್ರ ಬರೆಸಿ, ಕಳಿಸಿದವರ ಹೆಸರಿನೊಂದಿಗೆ ಅಚ್ಚು ಹಾಕುತ್ತಿದ್ದರು. ಇಂದಿಗೂ ಮಕ್ಕಳನ್ನು ನಗಿಸುವ ಪೆದ್ದ ಸುಪ್ಪಂಡಿ 1983ರಲ್ಲಿ ಬಂದದ್ದು ಹಾಗೆಯೇ, ತಿರುಚಿರಾಪಳ್ಳಿಯ ಓದುಗರೊಬ್ಬರು ಕಳಿಸಿದ ಜನಪದ ಕಥೆಗಳಿಂದ. ಆ ಲಕೋಟೆ ಹೇಗಿತ್ತೋ, ಅಕ್ಷರ ಹೇಗಿತ್ತೋ. ಅದರೊಳಗೆ ಲೇಖಕರ ಸನ್ಮಾನಗಳ ಪಟ್ಟಿ ಇದ್ದಿರಲಾರದು. ಹೇಳಿದ ಮಾತನ್ನು ಹೇಳಿದ ಹಾಗೆಯೇ ನಡೆಸಿ ಎಡವಟ್ಟು ಮಾಡುವ ಒಬ್ಬ ಆಳು ಇದ್ದ, ಅಷ್ಟೇ. ಅವನು ಮುಂದೇನು ಮಾಡುತ್ತಾನೆ ಎಂದು ಕೇಳದೆ ಇರಲು ಸಾಧ್ಯವಿಲ್ಲ. ಹಸ್ತಪ್ರತಿಯ ರಾಶಿಯಲ್ಲಿ ಅಂಥವನನ್ನು ಗುರುತಿಸಿದ ಕಣ್ಣು ಇದೆಯಲ್ಲ, ನಮ್ಮ ವೃತ್ತಿಗೆ ಅದೇ ಬಂಡವಾಳ.

ನಾನು ತಪ್ಪಿದ್ದೂ ಉಂಟು. ಕೆಲವು ವರ್ಷಗಳ ಹಿಂದೆ, ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡೂ ಬದಿ ಬರೆದ, ಎಣ್ಣೆಯ ಕಲೆ ಬಿದ್ದ ಒಂದು ಕಥೆಯನ್ನು ಮೂರನೆಯ ಸಾಲಿಗೆ ಪಕ್ಕಕ್ಕಿಟ್ಟೆ. ಬೀಡಿ ಕಟ್ಟುವ ತಾಯಿಯೊಬ್ಬರು ಬರೆದದ್ದು, ಕಾಗುಣಿತ ತಪ್ಪುಗಳಿದ್ದವು. ಮಳೆಗಾಲದಲ್ಲಿ ಕಪಾಟು ತೆಗೆದಾಗ ಮತ್ತೆ ಸಿಕ್ಕಿತು. ಬೀಡಿ ಎಲೆಯ ಕಟ್ಟಿನೊಳಗೆ ಮನೆ ಮಾಡಿದ ಗುಬ್ಬಚ್ಚಿಯ ಕಥೆ. ಎಲೆ ಖಾಲಿಯಾಗುತ್ತಾ ಬಂದ ಹಾಗೆ ಮನೆ ಚಿಕ್ಕದಾಗುತ್ತಾ ಹೋಗುತ್ತದೆ. ನಾನು ಒಬ್ಬಳೇ ಕೂತು ಗಟ್ಟಿಯಾಗಿ ‘ಬೊಕ್ಕ?’ ಎಂದೆ. ಕೊಟ್ಟಿದ್ದ ಫೋನ್ ನಂಬರ್ ಚಾಲ್ತಿಯಲ್ಲಿರಲಿಲ್ಲ. ಆ ಹಾಳೆಗಳು ಇನ್ನೂ ನನ್ನಲ್ಲಿವೆ. ಹೆಸರು ಮುಚ್ಚಿಟ್ಟು ಕಳಿಸಿದ ಮುದ್ದಣನನ್ನು ಮೈಸೂರಿನವರು ಅಚ್ಚು ಹಾಕಿದರು. ಹೆಸರು ಬರೆದೇ ಕಳಿಸಿದವರನ್ನು ನಾನು ಅಕ್ಷರ ನೋಡಿ ಬದಿಗಿಟ್ಟೆ.

ಹೊತ್ತಾಯಿತು. ಈಗ ಕೈಯಲ್ಲಿರುವ ಒಂದು ಹಸ್ತಪ್ರತಿಯ ಸುದ್ದಿ ಹೇಳಿ ಕೂರುತ್ತೇನೆ. ಕಾಪುವಿನ ದೀಪಸ್ತಂಭದ ಬಗ್ಗೆ ಒಬ್ಬರು ಬರೆದಿದ್ದಾರೆ. ಯಾವಾಗ ಕಟ್ಟಿದ್ದು, ಬೆಳಕು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲ ಮಾಹಿತಿ ಸರಿಯಾಗಿದೆ. ಮೂರನೆಯ ಪುಟದಲ್ಲಿ ಬಂಡೆಯ ಸಂದಿಯಿಂದ ಒಂದು ಏಡಿ ಬಂದು ಮೆಟ್ಟಿಲ ಮೇಲೆ ಕೂರುತ್ತದೆ. ಆಮೇಲೆ ಅದರ ಸುದ್ದಿಯೇ ಇಲ್ಲ. ನಾನಿದನ್ನು ಒಂದು ಶನಿವಾರ ಹತ್ತಿರದ ಶಾಲೆಯಲ್ಲಿ ಓದಿದೆ. ದೀಪದ ಶಕ್ತಿ, ಗೋಪುರದ ಎತ್ತರ ಎಲ್ಲ ಮುಗಿದ ಮೇಲೆ ಮೂರನೆಯ ಕ್ಲಾಸಿನ ಹುಡುಗನೊಬ್ಬ ಕೈಯೆತ್ತಿ, “ಟೀಚರ್, ಏಡಿ ಎಲ್ಲಿ ಹೋಯ್ತು?” ಎಂದ. ಲೇಖಕರಿಗೆ ಫೋನ್ ಮಾಡಿ ಆ ಪ್ರಶ್ನೆಯನ್ನಷ್ಟೇ ದಾಟಿಸಿದೆ. “ಏಡಿ ಮುಖ್ಯ ಅಲ್ಲ ಟೀಚರೇ, ಅದು ಸುಮ್ಮನೆ ವರ್ಣನೆಗೆ ಬಂದದ್ದು” ಎಂದರು. ಸ್ವಲ್ಪ ಬೇಸರವೂ ಆಗಿತ್ತು ಅವರಿಗೆ. ನಾನು ಮತ್ತೆ ಮಾತಾಡಲಿಲ್ಲ.

ಮೂರು ತಿಂಗಳು ಬಿಟ್ಟು ಕಳೆದ ವಾರ ಲಕೋಟೆ ಬಂದಿದೆ. ಮುನ್ನುಡಿ ಇಲ್ಲ. ಮೊದಲ ಸಾಲಿನಲ್ಲೇ ಏಡಿ ಮೆಟ್ಟಿಲು ಹತ್ತಲು ಶುರು ಮಾಡಿದೆ, ಅದೂ ಅಡ್ಡಡ್ಡವಾಗಿ. ಹುಡುಗ ಈಗ ನಾಲ್ಕನೆಯ ಕ್ಲಾಸು. ಬರುವ ಶನಿವಾರ ಅವನಿಗೆ ಓದಿ ಹೇಳಬೇಕು.